ನಾಳೆ ಹನ್ನೊಂದಕ್ಕೆ

ಸೋಮವಾರ ಬರುತ್ತದೆ ಸೀಸದ ಗಡಿಗೆ,
ಎತ್ತಲು ಇಬ್ಬರು ಬೇಕು.
ಅದನ್ನು ಹಸು ಅನ್ನುತ್ತೇವೆ, ಈ ನೆಲಮಾಳಿಗೆಯವರು.
ದಿನಾ ಬೆಳಿಗ್ಗೆ ಉಪ್ಪುನೀರು ಹಾಯಿಸಿ ಕರೆಯುತ್ತೇನೆ:
ನೊರೆಯಿಲ್ಲ, ಬಿಸುಪಿಲ್ಲ,
ಟೆಕ್ನೀಷಿಯಂ, ಒಂದು ಗುಟುಕಿನಷ್ಟು,
ಆರು ಗಂಟೆಗೊಮ್ಮೆ ಅರ್ಧವಾಗುತ್ತ
ತನ್ನಷ್ಟಕ್ಕೆ ತೀರಿಹೋಗುವ ಹಾಲು.

ಇವತ್ತಿನ ಮೊದಲ ಚೀಟಿ:
ಗುತ್ಯಮ್ಮ, ಅರವತ್ತಾರು. ಹಳೆಯ ಕುಷ್ಠ, ವಾಸಿಯಾಗಿದೆ.
ಎಡಗಾಲಲ್ಲಿ ಆರದ ಹುಣ್ಣು, ಮೂಳೆಗೆ ಇಳಿದಿದೆಯೇ ನೋಡಿ.
‘ವಾಸಿಯಾಗಿದೆ’ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದಾರೆ,
ನಾನು ನಂಬಲಿಕ್ಕಿಲ್ಲ ಎಂಬಂತೆ.

ಮೊಣಕೈ ಹಿಂದೆ ನರ, ಹುರಿಹಗ್ಗದಷ್ಟು ದಪ್ಪ.
ರಕ್ತನಾಳಕ್ಕಾಗಿ ಮೂರು ಸಲ ತಡವಿ
ಚುಚ್ಚಿದೆ. ಅವರು ಕ್ಯಾಲೆಂಡರು ನೋಡುತ್ತಿದ್ದರು.
“ಯಾವಾಗ ಚುಚ್ತೀಯ ಮಗಾ?”
“ಆಯ್ತಮ್ಮ.”
“ಆಯ್ತಾ!”

ಸೀಗೆಹಟ್ಟಿಯ ಮಂಡಕ್ಕಿ ಭಟ್ಟಿಯಲ್ಲಿ ಹನ್ನೆರಡು ವರ್ಷ.
ಕಾದ ಮರಳಿಗೆ ಬೆರಳಿಟ್ಟು ಹದ ನೋಡುತ್ತಿದ್ದುದು
ಇವರೊಬ್ಬರೇ ಅಂತೆ.
“ಕೈ ಅಂದ್ರೆ ಇದು” ಅನ್ನುತ್ತಿದ್ದ ಸಾಹುಕಾರ, ಎಲ್ಲರ ಮುಂದೆ.
ಆ ಕೈ ಒಂದು ದಿನ ಸುಟ್ಟು ವಾಸನೆ ಬಂದಾಗ
ಕೂಗಿದ್ದು ಪಕ್ಕದವಳು.

ಈಗ ನನ್ನ ಬಾಯಿಪಾಠ:
ನೀರು ಚೆನ್ನಾಗಿ ಕುಡಿಯಿರಿ.
ಆ ಕೋಣೆಯಲ್ಲೇ ಕೂತಿರಿ, ಹೊರಗೆ ಬರಬೇಡಿ.
ಪಾಯಿಖಾನೆ ನಿಮಗೆ ಬೇರೆ ಇದೆ, ಅದನ್ನೇ ಬಳಸಿ.
ಬಸುರಿಯರ ಹತ್ತಿರ ಹೋಗಬೇಡಿ,
ಮಕ್ಕಳನ್ನು ಎತ್ತಿಕೊಳ್ಳ...
ಅಲ್ಲಿಗೆ ಬಂದಾಗ ನನ್ನ ನಾಲಿಗೆ ನನಗೇ ಕೇಳಿಸಿತು.
ಗುತ್ಯಮ್ಮ ತಲೆಯಾಡಿಸುತ್ತಿದ್ದರು,
ತಾನೇ ಕಲಿಸಿದ ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ.
“ಎಷ್ಟು ದಿನ?”
“ಒಂದು ದಿನ. ನಾಳೆ ಹನ್ನೊಂದರ ತನಕ.”
“ಆಮ್ಯಾಕೆ?”
“ಆಮೇಲೆ ಏನೂ ಇಲ್ಲ.”
“ಏನೂ ಇಲ್ವಾ!”
ತೊಂಬತ್ತೆರಡರಲ್ಲೇ ಮಾತ್ರೆ ಮುಗಿಸಿದವರು,
ಹೊಸಿಲಾಚೆ ನಿಂತು ಮಗಳ ಬಾಣಂತನ ಮಾಡಿದವರು,
ಸೆರಗು ಬಾಯಿಗಿಟ್ಟು ನಕ್ಕರು,
ಕೆಮ್ಮು ಬರುವ ತನಕ.

ಮೂರು ಗಂಟೆ ಕಳೆದು ಮಲಗಿಸಿದೆ.
ಗಾಜಿನ ಈಚೆ ನಾನು.
ಈ ಕ್ಯಾಮೆರಾ ಬೆಳಕು ಚೆಲ್ಲುವುದಿಲ್ಲ, ಬರಿದೆ ಕಾಯುತ್ತದೆ.
ಬೆಳಕು ಮಲಗಿದವರಿಂದಲೇ ಬರಬೇಕು.
ಬಂತು, ಒಂದೊಂದೇ ಚುಕ್ಕಿ,
ಮರಳಿನಲ್ಲಿ ಮೊದಲ ಅಕ್ಕಿ ಸಿಡಿದ ಹಾಗೆ,
ಆಮೇಲೆ ಒಟ್ಟಿಗೇ.
ಪಾದ ಮೂಡಿತು. ಹೆಬ್ಬೆರಳ ಜಾಗ ಕತ್ತಲೆ.
ಕೈಯಲ್ಲಿ ಕಿರುಬೆರಳು ಅರ್ಧ ದಾರಿಗೇ ನಿಂತಿತ್ತು.
ಎಡಪಾದದ ನಡುವೆ ಮಾತ್ರ
ಭಟ್ಟಿಯ ಬಾಯಿ.

ತೋರಿಸಬಾರದು. ತೋರಿಸಿದೆ.
“ಅದ್ಯಾಕೆ ಅಲ್ಲಿ ಅಂಗ್ ಉರೀತದೆ?”
“ಮೂಳೆ ಅಲ್ಲಿ ಏನೋ ಗುದ್ದಾಡ್ತಿದೆ.
ಕೀವೋ, ಸವೆತವೋ, ಡಾಕ್ಟರು ಹೇಳ್ತಾರೆ.”
ಬಹಳ ಹೊತ್ತು ನೋಡಿದರು,
ನೆಂಟರ ಮನೆಯ ಮಗುವನ್ನು ಗುರುತು ಹಿಡಿಯುವಂತೆ.
“ಅಷ್ಟೊಂದು ನೋವಿತ್ತಾ ನಂಗೆ?”

ಮೆಷಿನ್ನಿನ ಫ್ಯಾನು ಸದ್ದು ಮಾಡುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತರು:
“ನಾಳೆ ಹನ್ನೊಂದಕ್ಕೆ ಮುಗೀತು ಅಂತ ಬರ್ಕೊಡು.
ಮನೇಲಿ ಎಳೆಕೂಸೈತೆ. ಬಾಯ್ಮಾತು ನಂಬಕ್ಕಿಲ್ಲ ಅವ್ರು.
ಸೀಲೂ ಹಾಕು.”

ಅಂಥ ನಮೂನೆ ನಮ್ಮ ಇಲಾಖೆಯಲ್ಲಿಲ್ಲ.
ಚೀಟಿಯ ಬೆನ್ನಿಗೆ ಬರೆದೆ:
ಗುತ್ಯಮ್ಮನವರು ನಾಳೆ ಬೆಳಿಗ್ಗೆ ಹನ್ನೊಂದರಿಂದ
ಯಾರನ್ನು ಬೇಕಾದರೂ ಎತ್ತಿಕೊಳ್ಳಬಹುದು.
ಡ್ರಾಯರಿನಲ್ಲಿ ಇದ್ದ ಸೀಲು ಒಂದೇ, ಕ್ಯಾಶಿಯರನದು:
‘ಹಣ ಸಂದಿದೆ’.
ಅದನ್ನೇ ಒತ್ತಿದೆ.

ಓದು ಬಾರದ ಅವರು ಶಾಯಿಯನ್ನು ಊದಿ ಊದಿ ಆರಿಸಿ
ಎಲೆಯಡಿಕೆ ಸಂಚಿಯೊಳಗೆ ಮಡಚಿಟ್ಟರು.
ಸಾಗರದ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು.
“ಇವತ್ತೊಂದಿನ
ಕೊನೇ ಸೀಟು” ಅಂದರು.