ದಕ್ಕೆಯ ಮೇಲಿನ ಬಿಳಿ ಗೆರೆ

ದಕ್ಕೆಯ ಹಲಗೆಗಳಿಗೆ ಅಡ್ಡಲಾಗಿ ಸರ್ಕಾರ ಬಳಿದ ಬಿಳಿ ಗೆರೆ:
ಆ ಕಡೆ ಸಿಹಿನೀರು, ಈ ಕಡೆ ಉಪ್ಪು.
ಆ ಕಡೆಗೊಂದು ಚೀಟಿ, ಈ ಕಡೆಗೊಂದು ಚೀಟಿ.
ಎರಡೂ ಮಾರುವವಳು ನಾನು, ಲೋರ್ನಾ ಪೆಲ್ಕಿ,
ಮೇನ್ ಸೀಮೆಯ ಈ ಅಳಿವೆಯ ದಂಡೆಯಲ್ಲಿ.
ಎರೆಹುಳ, ಐಸು, ಬಿಸಿ ಕಾಫಿ, ಪರವಾನಗಿ,
ಎಲ್ಲಕ್ಕೂ ಒಂದೇ ಗಲ್ಲಾ.

ಉಬ್ಬರ ಬಂದರೆ ಉಪ್ಪು ಗೆರೆ ದಾಟಿ
ಹಳೇ ಮರದ ಮಿಲ್ಲಿನ ತನಕ ನಡೆದುಹೋಗುತ್ತದೆ.
ಅದಕ್ಕೆ ಯಾರೂ ದಂಡ ಹಾಕಿಲ್ಲ.
ಪಟ್ಟೆ ಮೀನೂ ಅಷ್ಟೇ,
ಬೆಳಿಗ್ಗೆ ಒಂದು ಇಲಾಖೆಯದು, ಮಧ್ಯಾಹ್ನ ಇನ್ನೊಂದರದು.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ;
ಇಲ್ಲಿ ಕುಡಿಯುವ ಮುಂಚೆ ಬೇರೆ ಅರ್ಜಿ ತುಂಬಬೇಕು.

ಅರ್ಜಿ ಕೇಳುತ್ತದೆ: ಎತ್ತರ, ತೂಕ, ಕೂದಲು, ಕಣ್ಣಿನ ಬಣ್ಣ.
ತೂಕದ ಹತ್ತಿರ ಬಂದಾಗ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ.
ಸಿಕ್ಕ ಮೀನನ್ನು ಹಿಗ್ಗಿಸಿ ಹೇಳುವ ಗಂಡಸರು
ತಮ್ಮನ್ನು ಕುಗ್ಗಿಸಿ ಬರೆಸುತ್ತಾರೆ.
ಹೇಳಿದಷ್ಟು ಬರೆಯುತ್ತೇನೆ. ತಕ್ಕಡಿ ಇರುವುದು ಮೀನಿಗೆ.

ಏಪ್ರಿಲಿನಲ್ಲಿ ಸೋಫಾಲ್ ಕಿಯೋ ಬಂದಳು, ಕೈಯಲ್ಲಿ ಬಕೆಟ್ಟು,
ಮೆಕಾಂಗಿನ ದಂಡೆಯಲ್ಲಿ ಹುಟ್ಟಿದವಳು.
ನಿಯಮದ ಪುಸ್ತಕ ಕೊಟ್ಟೆ: ನಲವತ್ತೆಂಟು ಪುಟ,
ಇರುವೆ ಸಾಲಿನಂಥ ಅಕ್ಷರ.
ಹಿಂದೆ ಮುಂದೆ ತಿರುವಿ ಕೇಳಿದಳು:
'ಹಸಿದವರು ಎಷ್ಟು ಹಿಡಿಯಬಹುದು, ಅದು ಯಾವ ಪುಟ?'
ದಿನಕ್ಕೊಂದು ಅಂದೆ. ಹಸಿವಿಗೆ ಬೇರೆ ಕಾಲಂ ಇಲ್ಲ ಅಂದೆ.
ನಕ್ಕಳೋ ಏನೋ. ದುಡ್ಡು ಎಣಿಸಿ ಇಟ್ಟಳು,
ಎಲ್ಲಾ ಚಿಲ್ಲರೆ.

ಅಮೆದೇ ತೆರಿಯೋಗೆ ಎಪ್ಪತ್ತು ದಾಟಿದೆ, ಚೀಟಿ ಪುಕ್ಕಟೆ.
ಕಣ್ಣಿನ ಬಣ್ಣ? ಅಂತ ಕೇಳಿ ನಾಲಿಗೆ ಕಚ್ಚಿಕೊಂಡೆ.
'ಬರಕೋ,' ಅಂದ, 'ಹಾಲು.'
ಅವನ ಊರುಗೋಲಿಗೆ ಎರಡು ಕಚ್ಚು:
ಮೊದಲನೆಯದಕ್ಕಿಂತ ಗಿಡ್ಡ ಇದ್ದರೆ ಕೂಸು,
ಎರಡನೆಯದಕ್ಕಿಂತ ಉದ್ದ ಇದ್ದರೆ ಹೆರುವ ತಾಯಿ,
ನಡುವೆ ಬಂದದ್ದಷ್ಟೇ ಊಟ.
ವಾರ್ಡನ್ ಹ್ಯಾಸ್ಕೆಲ್ ಒಮ್ಮೆ ಆ ಕೋಲಿಗೆ
ತನ್ನ ಉಕ್ಕಿನ ಪಟ್ಟಿ ಹಿಡಿದು ನೋಡಿದ
(ಸ್ವಂತ ಭಾವಮೈದುನನಿಗೇ ದಂಡ ಹಾಕಿ
ಆ ವರ್ಷ ಹಬ್ಬದ ದಿನ ಜೀಪಿನಲ್ಲಿ ಸ್ಯಾಂಡ್‌ವಿಚ್ ತಿಂದವನು).
ತಪ್ಪಿದ್ದು ಪಟ್ಟಿ. ತುದಿ ಸವೆದಿತ್ತು.

ಹತ್ತೊಂಬತ್ತು ವರ್ಷ. ಎಷ್ಟು ಸಾವಿರ ಚೀಟಿ ಹರಿದು ಕೊಟ್ಟೆನೋ,
ಗಾಳ ಮಾತ್ರ ಮುಟ್ಟಿರಲಿಲ್ಲ,
ಮದುವೆಮನೆಯಲ್ಲಿ ಬಡಿಸುವವರಿಗೆ ಹಸಿವಾಗದ ಹಾಗೆ.

ಜೂನಿನಲ್ಲೊಂದು ಶನಿವಾರ ಯಾರಿಗೂ ಚೀಟಿ ಬೇಡ.
ಅಂಗಡಿಗೆ ನೊಣವೂ ಬರಲಿಲ್ಲ.
ಬಾಗಿಲು ಎಳೆದುಕೊಂಡು ದಕ್ಕೆಗೆ ಹೋದೆ,
ಗೆರೆಯ ಮೇಲೆ ನಿಂತು ಮೀನಮೇಷ ಎಣಿಸಿದೆ,
ಬಲಗಾಲಿಗೊಂದು ಕಾನೂನು, ಎಡಗಾಲಿಗೊಂದು.
ಸೋಫಾಲ್ ಸರಿದು ಜಾಗ ಕೊಟ್ಟಳು. ಗಾಳವನ್ನೂ ಕೊಟ್ಟಳು,
ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮೊಂಡು ಮಾಡಿದ್ದು.

ಎಳೆತ ಬಂದಾಗ ನನಗೆ ಬಂದದ್ದು ಬೈಗುಳ.
ಹಲಗೆಯ ಮೇಲೆ ಬೆಳ್ಳಿ ಬಡಿದಾಡಿತು.
'ಕೈ ಒದ್ದೆ ಮಾಡ್ಕೋ ಮೊದಲು,' ಸೋಫಾಲ್ ಅಂದಳು,
'ಒಣಗೈ ಮುಟ್ಟಿದರೆ ಅದರ ಮೈಲೋಳೆ ಹೋಗುತ್ತೆ.
ಪುಟ ಇಪ್ಪತ್ತೊಂದು.'
ಅಷ್ಟು ವರ್ಷ ಹಂಚಿದ ಪುಸ್ತಕ,
ಆ ಪುಟ ನಾನು ತೆರೆದೇ ಇರಲಿಲ್ಲ.

ಅಮೆದೇ ಕೋಲು ಮಲಗಿಸಿ ಹೆಬ್ಬೆರಳು ಹರಿಸಿದ,
ಮೂತಿಯಿಂದ ಬಾಲಕ್ಕೆ, ಬಾಲದಿಂದ ಕಚ್ಚಿಗೆ.
'ಬೆರಳಗಲ ಕಮ್ಮಿ,' ಅಂದ. 'ಕೂಸು.'

ಬಗ್ಗಿ ನೀರಿಗೆ ಬಿಟ್ಟೆ. ಅರೆಕ್ಷಣ ನಿಂತಿತು,
ಅಂಗೈಯೊಳಗೆ ಉಸಿರಾಡುತ್ತ.
'ಯಾವ ಕಡೆ ಹೋಯಿತು?' ಅಮೆದೇ ಕೇಳಿದ.
ಕಾಣಲಿಲ್ಲ ಅಂದೆ.

ಸೋಮವಾರ ಅಂಗಡಿ ತೆರೆದು
ನನ್ನದೇ ಅರ್ಜಿ ಬರೆಯಲು ಕೂತೆ.
ಎತ್ತರ ಬರೆದೆ. ತೂಕದ ಹತ್ತಿರ ಬಂದಾಗ
ಬಾಗಿಲ ಕಡೆ ನೋಡಿದೆ.