ಮಗುಚಬೇಡಿ

ಶಿವಡಿಯ ಗೋದಾಮಿನಲ್ಲಿ ಹನ್ನೊಂದು ವರ್ಷ
ಓದಲು ಬಾರದ್ದನ್ನೇ ಬರೆದೆ.
ತಗಡಿನ ಅಚ್ಚು, ಸೀಮೆಎಣ್ಣೆ ಬೆರೆಸಿದ ಕಪ್ಪು,
ಕೂದಲುದುರಿದ ಕುಂಚ.
ಪೆಟ್ಟಿಗೆಯ ನಾಲ್ಕು ಮಗ್ಗುಲಿಗೂ ಅದೇ ಎರಡು ಮಾತು,
ಕೆಳಗೆ ಒಡೆಸ್ಸಾ, ಅದರ ಕೆಳಗೆ ನಮ್ಮ ದೇಶದ ಹೆಸರು.
ಒಳಗೆ ಉಣ್ಣೆಯಂಗಿ, ಬೊಂಬಾಯಿಯಲ್ಲಿ ಯಾರೂ ತೊಡದಷ್ಟು ದಪ್ಪದ್ದು.
ದಾರದ ತುದಿ ಹಲ್ಲಲ್ಲಿ ಕಡಿಯುತ್ತ ಘರತ್ ಬಾಯಿ
ಅಷ್ಟೊಂದು ಚಳಿ ಎಲ್ಲಿಂದ ತರುತ್ತಾರೋ ಅನ್ನುತ್ತಿದ್ದಳು.

ಏನು ಬರೆಯುತ್ತಿದ್ದೇನೆಂದು ಕೇಳಿದ್ದು ಆರನೆಯ ವರ್ಷ.
ಪೆಡರ್ ರೋಡಿನಲ್ಲಿ ರಷ್ಯನ್ ಕಲಿತ ಫಿರೋಜಾ ಬಾಯಿ
ಟೈಪ್‌ರೈಟರಿನಿಂದ ತಲೆಯೆತ್ತದೆ ಹೇಳಿದರು:
"ಮಗುಚಬೇಡಿ."
ಅಷ್ಟೇನಾ?
ಅಷ್ಟೇ.
ನಾನೋ, ಏನೋ ದೊಡ್ಡ ಘೋಷಣೆ ಅಂದುಕೊಂಡಿದ್ದೆ.

ಮತ್ತೆ ಈ ಅಕ್ಷರ? ನಮ್ಮ ದೇಶದ ಕೊನೆಗೆ
ಬೆನ್ನು ಹಾಕಿ ನಿಂತ ಇಂಗ್ಲಿಷಿನ ಆರ್?
"ಅದೊಂದನ್ನೇ ಬರೆದರೆ ಅವರಲ್ಲಿ 'ನಾನು' ಅಂತ."
ಅಂದಿನಿಂದ ಅದಕ್ಕೆ ಮಾತ್ರ ಬಣ್ಣ ಸೋರದ ಹಾಗೆ
ಕೈ ಬಿಗಿಹಿಡಿದೆ.

ಎಂಬತ್ತೆಂಟರಲ್ಲಿ ಮಾಲು ನೋಡಲು ವೀತಾಲಿ ಬಂದ.
ಗುಂಡಿ ಜಗ್ಗಿದ, ಹೊಲಿಗೆ ಎಣಿಸಿದ,
ಕಟಿಂಗ್ ಚಹಾ ಮೂರು ಗ್ಲಾಸು ಕುಡಿದ.
ಅವನ ಬಾಯಲ್ಲಿ ಒಂದೇ ಪದ ಮತ್ತೆ ಮತ್ತೆ.
ಫಿರೋಜಾ ಬಾಯಿ ತಡವರಿಸಿದರು:
"ಇದ್ದದ್ದನ್ನು ಬಿಚ್ಚಿ ಮತ್ತೆ ಕಟ್ಟುವುದು... ರಿಪೇರಿ ಅಂದ್ಕೋ."

ರಿಪೇರಿ ನನಗೆ ಗೊತ್ತು.
ಲಾಲ್‌ಬಾಗಿನ ನಮ್ಮ ಚಾಳಿಗೆ ಬೋರ್ಡಿನವರು ಬಂದು
ಸಾಗುವಾನಿ ತೊಲೆಗೆ ಬಿದಿರಿನ ಟೇಕು ಕೊಟ್ಟು
ಬಾಗಿಲ ಮೇಲೆ ಕೆಂಪು ನಂಬರು ಬರೆದು
ಆರೇ ತಿಂಗಳು ಅಂದಿದ್ದರು.
ಸಾಯನ್ನಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಅದು ನಮ್ಮ ಎಂಟನೆಯ ಮಳೆ.
ಚಾಳಿದ್ದ ಜಾಗದಲ್ಲಿ ಒಂದು ನಲ್ಲಿ,
ಒಂದು ಕೋರ್ಟು ಕೇಸು.

ಕೇಳಿಯೇಬಿಟ್ಟೆ: ಸಾಹೇಬ್,
ಅಷ್ಟು ದೊಡ್ಡ ಮನೆ ಬಿಚ್ಚುವಾಗ
ಜನರನ್ನೆಲ್ಲ ಎಲ್ಲಿ ಇಟ್ಟಿದ್ದೀರಿ?
ಫಿರೋಜಾ ಬಾಯಿ ತಿರುಗಿಸಿ ಹೇಳಿದರು.
ಅವನು ನಕ್ಕ. ಆಮೇಲೆ ನಗಲಿಲ್ಲ.
ಕೋಟಿನಿಂದ ಹಡಗಿನ ಚಿತ್ರದ ಪಿನ್ನು ಬಿಚ್ಚಿ
ನನ್ನ ಬನಿಯನ್ನಿಗೆ ಚುಚ್ಚಿ ಹೋದ.

ತೊಂಬತ್ತೊಂದರ ಜುಲೈ. ರೇಡಿಯೋದಲ್ಲಿ ದಿಲ್ಲಿ.
ಇನ್ನು ಲೈಸೆನ್ಸ್ ಬೇಡವಂತೆ.
ಲೈಸೆನ್ಸು ತರುವುದಕ್ಕೆಂದೇ ಹಂಸರಾಜ ಶೇಠರು ಸಾಕಿದ್ದ ಭಾವಮೈದುನ
ಆ ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.
ಡಿಸೆಂಬರಿನಲ್ಲಿ ಟೆಲೆಕ್ಸು ಒಂದೂವರೆ ಸಾಲು ಕಕ್ಕಿ ನಿಂತಿತು.
ಫಿರೋಜಾ ಬಾಯಿ ಓದಿದರು,
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು:
ಕೊಳ್ಳುವವನ ಹೆಸರಿದೆ, ಬೀದಿಯಿದೆ,
ದೇಶವಿಲ್ಲ.

ಮುನ್ನೂರ ಹನ್ನೆರಡು ಪೆಟ್ಟಿಗೆ. ಒಂದೂ ಮಗುಚಿರಲಿಲ್ಲ.

ಉಣ್ಣೆಯಂಗಿಗಳು ಚರ್ಚ್‌ಗೇಟಿನ ಫುಟ್‌ಪಾತಿಗೆ ಬಂದವು,
ಎಕ್ಸ್‌ಪೋರ್ಟ್ ಮಾಲ್, ಎಕ್ಸ್‌ಪೋರ್ಟ್ ಮಾಲ್ ಎಂಬ ಕೂಗಿನ ಕೆಳಗೆ.
ಮಹಾಬಲೇಶ್ವರಕ್ಕೆ ಹೊರಟ ಕಾಲೇಜು ಹುಡುಗರು ಕೊಂಡರು.
ಕೊನೆಯ ತಿಂಗಳ ಪಗಾರಕ್ಕೆ ಘರತ್ ಬಾಯಿಗೆ ನಾಲ್ಕು ಸಿಕ್ಕವು.
ಅಲ್ಲೇ ಒಂದನ್ನು ತೊಟ್ಟು
ಕುತ್ತಿಗೆಯಲ್ಲಿ ಬೆವರಿಳಿಯುವವರೆಗೂ ಬಿಚ್ಚಲಿಲ್ಲ.
"ನೋಡಬೇಕಿತ್ತು" ಅಂದಳು, ಅಷ್ಟೇ.

ನನಗೊಂದು ಖಾಲಿ ಪೆಟ್ಟಿಗೆ.
ಹನ್ನೆರಡಡಿ ಕೋಣೆಯಲ್ಲಿ ಸ್ಟೌ ಇಡುವುದಕ್ಕೆ
ಅದನ್ನು ಕವುಚಿಹಾಕುವುದೊಂದೇ ದಾರಿ.
ಮಗಳು ಅದಕ್ಕೊರಗಿ ಎಬಿಸಿಡಿ ಕಲಿತಳು.
ಆರ್ ಬಂದಾಗ ತಲೆಕೆಳಗಾದ ನನ್ನಕ್ಷರ ತೋರಿಸಿ
"ಅಪ್ಪಾ, ಇದು ತಪ್ಪು" ಎಂದಳು.
ತಪ್ಪೋ ಏನೋ. ಹೊಗೆ ಹಿಡಿದಿದೆ, ಮಾಸಿಲ್ಲ.

ಕಳೆದ ವಾರ ಬೋರ್ಡಿನ ಹೊಸ ಹುಡುಗ ಬಂದಿದ್ದ.
ಈ ಸಲ ಬಿಲ್ಡರನಂತೆ, ಲಿಫ್ಟಂತೆ, ಮೂರೇ ವರ್ಷವಂತೆ.
ಬಾಗಿಲ ಮೇಲೆ ನಂಬರು ಬರೆದ.
ಏಳರ ಬಾಲ ಸೊಟ್ಟಗಿತ್ತು, ಬಣ್ಣ ಇಳಿಯುತ್ತಿತ್ತು.
ಅವನು ಮೆಟ್ಟಿಲಿಳಿದ ಮೇಲೆ
ಹಳೆಯ ಕುಂಚ ಸೀಮೆಎಣ್ಣೆಯಲ್ಲಿ ನೆನೆಸಿ
ನಾನೇ ತಿದ್ದಿದೆ.