ಮೂರು ಜೊತೆ ಬೂಟು

ನಾನು ಏಳನೆಯ ಕುರ್ಚಿ.
ಹೆಸರು ಆಂಟನ್ ಝುಪಾನ್, ಕಸುಬು ಬೂಟು ಹೊಲಿಯುವುದು.
ಮೊಂಟಾನಾದ ಕಾಪರ್ ಫೋರ್ಕಿನಲ್ಲಿ, ಗಣಿಯ ಹೊಗೆ
ಒಗೆದು ಹಾಕಿದ ಬಟ್ಟೆಯನ್ನೂ ಬಿಡದ ಬೀದಿಯಲ್ಲಿ
ನನ್ನದೊಂದು ಅಂಗಡಿ.
ಜನರ ಮುಖ ಮರೆಯುತ್ತೇನೆ. ಹಿಮ್ಮಡಿ ಮರೆಯುವುದಿಲ್ಲ.

ವಕೀಲ ಟ್ರೆಮೇನನ ಎಡ ಹಿಮ್ಮಡಿ
ಹೊರಮಗ್ಗುಲಿಗೆ ಸವೆದಿತ್ತು.
ಹತ್ತೊಂಬತ್ತು ವರ್ಷ ಕಟಕಟೆಯ ಈಚೆಗೆ
ಹೋಗಿ ಬಂದು, ಹೋಗಿ ಬಂದು ಸವೆದದ್ದು.
ಅವನು ವಾದಿಸುವ ದಿನ ಗಣಿಯ ಹೆಂಗಸರು
ಆಲೂಗಡ್ಡೆ ಬೇಯಲಿಟ್ಟು ಹಾಗೇ ಬರುತ್ತಿದ್ದರು,
ಸೀದದ್ದು ಮನೆಗೆ ಹೋದ ಮೇಲೇ ಗೊತ್ತು.

ಈಗ ಕಟಕಟೆಯ ಆಚೆ ಅವನೇ.
ಕಳೆದ ಚಳಿಗಾಲ, ಮುಷ್ಕರದ ಕೇಸಿನಲ್ಲಿ,
ಪಂಪ್‌ಹೌಸು ಸಿಡಿದು ಕಾವಲಿನವರಿಬ್ಬರು ಸತ್ತ ಕೇಸಿನಲ್ಲಿ,
ಜ್ಯೂರಿಯ ಒಬ್ಬನಿಗೆ, ಊಟದ ಡಬ್ಬಿಯೊಳಗೆ,
ಒಂಬೈನೂರು ಡಾಲರು ಕಳಿಸಿದನೆಂದು.

ಸಂಘದವರು ಯಾರೂ ಬರಲಿಲ್ಲ.
ಕೊನೆಗೆ ಆ ಹುಡುಗರಿಂದ ತಪ್ಪೊಪ್ಪಿಗೆ ಬರೆಸಿದನಲ್ಲ,
ಜೀವ ಉಳಿಸಿ ಮಾನ ತೆಗೆದ, ಅಂದರು.
ಹಿಂದಿನ ಬೆಂಚಲ್ಲಿ ಒಬ್ಬಳೇ, ಫಿನ್‌ಲೆಂಡಿನ ಮುದುಕಿ ಹಿಲ್ಯಾ,
ಕಾಲ್ಚೀಲ ಹೆಣೆಯುತ್ತ.
ಅವಳ ಮಗ ಜೈಲಲ್ಲಿ ಉಸಿರಾಡುತ್ತಿದ್ದಾನೆ.
ಅವಳಿಗೆ ಅಷ್ಟು ಲೆಕ್ಕ ಸಾಕು.

ಸರ್ಕಾರಿ ವಕೀಲ ‘ಲಂಚ’ ಎಂದಾಗಲೆಲ್ಲ
ಹನ್ನೊಂದು ಜನ ಟ್ರೆಮೇನನತ್ತ ನೋಡಿದರು.
ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಯಾಕೆಂದರೆ (ಇದನ್ನು ಅಲ್ಲಿ ಯಾರೂ ಕೇಳಲಿಲ್ಲ)
ಜ್ಯೂರಿಯ ಪಟ್ಟಿ ಅಚ್ಚಾದ ವಾರ
ಕಂಪನಿಯ ಮನುಷ್ಯನೊಬ್ಬ ಅಂಗಡಿಗೆ ಬಂದಿದ್ದ.
ಬಿಳಿ ಕಾಲರು, ಮೆತ್ತನೆ ಮಾತು.
ಮೂರು ಜೊತೆ ಬೂಟು ಬೇಕೆಂದ.
ಅಳತೆ? ಎಂದೆ. ‘ನಿನಗೆ ತೋಚಿದ್ದು.’
ಪೂರ್ತಿ ಹಣ ಮುಂಗಡ, ಮೇಲೆ ಇಪ್ಪತ್ತು.
‘ಅವಸರವೇನಿಲ್ಲ. ತೀರ್ಪಾದ ಮೇಲೆ ಬಂದು ಒಯ್ಯುತ್ತೇನೆ.’

ನಾನು ಹೊಲಿದೆ.
ಕರುವಿನ ಚರ್ಮ, ಎರಡೆಳೆ ದಾರ, ಜೇನುಮೇಣ.
ಯಾರ ಕಾಲೂ ಇಲ್ಲದ ಆ ಅಳತೆಗೆ ಮಾಡಿದಷ್ಟು ಚೊಕ್ಕ ಕೆಲಸ
ಜನ್ಮದಲ್ಲಿ ಮಾಡಿರಲಿಲ್ಲ.

ಟ್ರೆಮೇನ್ ತನ್ನ ಪರ ತಾನೇ ಎದ್ದು ನಿಂತ ದಿನ
ಮೊದಲರ್ಧ ಗಂಟೆ ಕುಂಟಿತು ಮಾತು.
ಹಳೆಯ ಹಾಸ್ಯವೊಂದು ಹೇಳಿದ, ಯಾರೂ ನಗಲಿಲ್ಲ.
ಆಮೇಲೆ ಒಬ್ಬೊಬ್ಬರ ಮುಂದೆಯೂ ಬಂದು ನಿಂತ.
ಬಡಗಿಗೆ ಮರದ ಮಾತು, ಹಾಲಿನವನಿಗೆ ಹಸುವಿನ ಮಾತು.
ನನ್ನ ಮುಂದೆ ಬಂದಾಗ
ಮೇಣ ಹತ್ತಿದ ಬೆರಳು ನೋಡಿದ,
ಏನೋ ಹೇಳಲು ಹೊರಟ,
ಹೇಳದೆ ಎಂಟನೆಯವನತ್ತ ಸರಿದ.

ಕೊಟ್ಟನೋ, ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.
ಕೊಟ್ಟಿದ್ದಾನೆಂದೇ ಗುಮಾನಿ.
ಚೀಟಿ ಕೈಗೆ ಬಂತು. ಪೆನ್ಸಿಲಿನ ಮೊನೆ
ನಾಲಿಗೆಗೆ ತಾಗಿಸಿ ಬರೆದೆ: ನಿರಪರಾಧಿ.
ಕರುಣೆಯಿಂದಲ್ಲ, ನ್ಯಾಯ ಅಂತಲೂ ಅಲ್ಲ.
ಇನ್ನೊಂದನ್ನು ಬರೆಯುವ ಕೈ
ನನ್ನ ಬಳಿ ಇರಲಿಲ್ಲ.
ಹನ್ನೆರಡು ಚೀಟಿಯೂ ಒಂದೇ ಮಾತು ಹೇಳಿದವು.
ಯಾರ ಮನೆಯ ಕಪಾಟಿನಲ್ಲಿ ಯಾವ ಬೂಟಿತ್ತೋ,
ನಾನು ಕೇಳಲಿಲ್ಲ.

ನವೆಂಬರಿನಲ್ಲಿ ಬಂದ, ಹಿಮ್ಮಡಿ ಕಟ್ಟಿಸಲು.
ಸ್ಟೂಲಿನ ಮೇಲೆ ಒಂದೇ ಬೂಟಿನಲ್ಲಿ ಕೂತ,
ಇನ್ನೊಂದು ಕಾಲ್ಚೀಲದಲ್ಲಿ ಹಿಲ್ಯಾಳ ಹೆಣಿಗೆ.
ಕಣ್ಣು ಕಪಾಟಿಗೆ ಹೋಯಿತು.
‘ಯಾರವು?’
ಒಯ್ಯಲು ಯಾರೂ ಬಂದಿಲ್ಲ, ಎಂದೆ.
‘ಯಾವಾಗಿನಿಂದ?’
ತಿಂಗಳು ಹೇಳಿದೆ. ಸುಳ್ಳು ಹೇಳಬಹುದಿತ್ತು.
ಅವನು ಒಳಗೇ ಎಣಿಸಿದ್ದು
ಸುತ್ತಿಗೆಯ ಸದ್ದಿನ ನಡುವೆಯೂ ನನಗೆ ಕೇಳಿಸಿತು.

ಎಷ್ಟಾಯಿತು, ಎಂದ.
ಏನೂ ಬೇಡ ಎನ್ನಲು ಬಾಯಿ ತೆರೆದೆ.
‘ತಗೋ ಝುಪಾನ್,’ ಐವತ್ತು ಸೆಂಟು ಹಲಗೆಯ ಮೇಲಿಟ್ಟ,
‘ಬಿಟ್ಟಿ ಮಾಡಬೇಡ. ನೋಡಿದವರು ಏನಂದಾರು.’

ಹೊಸ ಹಿಮ್ಮಡಿ ತುಸು ಎತ್ತರವಾಗಿತ್ತು.
ಬೀದಿಯುದ್ದಕ್ಕೂ ಕುಂಟುತ್ತ ಹೋದ.